ಆಳಗಡಲಿನಲ್ಲಿ ನೌಕೆ ಕಾಣೆಯಾದರೆ: ನಮ್ಮ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಜೂನ್‌ನಲ್ಲಿ, ಮುಳುಗಿದ ಟೈಟಾನಿಕ್ ಹಡಗನ್ನು ನೋಡಲು ಜನರನ್ನು ಹೊತ್ತು ಇಳಿದ ಟೈಟನ್ ಎಂಬ ಪುಟ್ಟ ನೌಕೆ ಕಾಣೆಯಾದಾಗ, ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಬೋಟುಗಳೆಲ್ಲ ದಡ ಸೇರಿದ್ದವು. ಮಳೆಗಾಲದ 61 ದಿನಗಳ ನಿಷೇಧದ ಕಾಲ ಅದು. ಬಲೆ ರಿಪೇರಿಗೆ ಕೂತವರ ಎದುರು ಟಿವಿಯಲ್ಲಿ "ಇನ್ನು ಇಷ್ಟೇ ಗಂಟೆ ಆಮ್ಲಜನಕ" ಅಂತ ಲೆಕ್ಕ ಓಡುತ್ತಿತ್ತು. ಕಡಲನ್ನು ಬಲ್ಲವರು ಆಗ ಕೇಳಿದ ಪ್ರಶ್ನೆಗಳು ಟಿವಿಯವರ ಪ್ರಶ್ನೆಗಳಿಗಿಂತ ಚೆನ್ನಾಗಿದ್ದವು. ಜನರನ್ನು ಆಳಗಡಲಿಗೆ ಇಳಿಸಲೆಂದು ಭಾರತದ್ದೇ ಮತ್ಸ್ಯ 6000 ನೌಕೆ ಸಿದ್ಧವಾಗುತ್ತಿರುವ ಈ ಹೊತ್ತಿನಲ್ಲಿ ಅವೇ ಪ್ರಶ್ನೆಗಳು ಮತ್ತೆ ಬರುತ್ತಿವೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಸಬ್‌ಮರೀನ್, ಸಬ್‌ಮರ್ಸಿಬಲ್ ಎರಡೂ ಒಂದೇ ಅಲ್ವಾ?

ಅಲ್ಲ. ಸಬ್‌ಮರೀನ್ ತನ್ನ ಪಾಡಿಗೆ ತಾನು ಬಂದರು ಬಿಟ್ಟು ಹೋಗುತ್ತದೆ, ವಾರಗಟ್ಟಲೆ ಕಡಲಲ್ಲಿರುತ್ತದೆ, ಒಳಗೆ ಹತ್ತಾರು ಜನ ಇರುತ್ತಾರೆ. ಸಬ್‌ಮರ್ಸಿಬಲ್ ಪುಟ್ಟದು. ಅದನ್ನು ತಾಯಿಹಡಗಿನ ಮೇಲೆ ಹೊತ್ತುಕೊಂಡು ಹೋಗಿ ನೀರಿಗೆ ಇಳಿಸಬೇಕು, ಕೆಲವು ಗಂಟೆಗಳ ನಂತರ ಮತ್ತೆ ಎತ್ತಿಕೊಳ್ಳಬೇಕು. ಒಳಗೆ ಸಾಮಾನ್ಯವಾಗಿ ಇಬ್ಬರೋ ಮೂವರೋ ಕೂರಬಹುದು, ಕೆಲವದರಲ್ಲಿ ಇನ್ನೂ ಕೆಲವರು. ಆದರೆ ಯುದ್ಧದ ಸಬ್‌ಮರೀನ್ ಕೆಲವು ನೂರು ಮೀಟರ್‌ಗೆ ನಿಂತರೆ ಇದು ಸಾವಿರಾರು ಮೀಟರ್ ಇಳಿಯುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಸಬ್‌ಮರೀನ್ ಸಿಬ್ಬಂದಿಯನ್ನು ಉಳಿಸಲು ಮಾಡಿಟ್ಟ ಸಲಕರಣೆ ಸಬ್‌ಮರ್ಸಿಬಲ್‌ನವರಿಗೆ ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ.

ಎಷ್ಟು ಆಳ ಅಂತ ಲೆಕ್ಕ ಹಿಡಿಯುವುದು?

ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್‌ನಲ್ಲಿ. ಮಾರಿನ ಲೆಕ್ಕದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ. ಜೋಗದ ಗುಂಡಿಯ ಎತ್ತರ 253 ಮೀಟರ್. ಅಂಥ ಹದಿನೈದನ್ನು ಒಂದರ ಮೇಲೊಂದು ಇಟ್ಟರೆ ಅಷ್ಟಾಯಿತು.

ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತ ಹೋಗುತ್ತದೆ. 3,800 ಮೀಟರ್‌ನಲ್ಲಿ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು 390 ಕಿಲೋ ಭಾರ. 200 ಮೀಟರ್ ದಾಟಿದರೆ ಬೆಳಕು ಮಸುಕು, ಸಾವಿರ ದಾಟಿದರೆ ಪೂರ್ತಿ ಕತ್ತಲೆ. ತಳದ ನೀರು ಎರಡರಿಂದ ನಾಲ್ಕು ಡಿಗ್ರಿ. ಇಂಥ ಜಾಗಕ್ಕೆ ಸುಮ್ಮನೆ ಇಳಿಯುವುದಕ್ಕೇ ಎರಡು ಗಂಟೆಗೂ ಹೆಚ್ಚು ಬೇಕು. ಮೇಲಿಂದ ಸಹಾಯ ಹೊರಟರೂ ಅಷ್ಟೇ ಹೊತ್ತು.

ವಯರ್‌ಲೆಸ್ ಇಲ್ವಾ? ಜಿಪಿಎಸ್ ಇಲ್ವಾ? ಕಾಣೆಯಾಗುವುದು ಅಂದ್ರೆ ಎಂತ?

ರೇಡಿಯೋ ಅಲೆಯನ್ನು ಉಪ್ಪುನೀರು ನುಂಗಿಬಿಡುತ್ತದೆ. ನಿಮ್ಮ ಬೋಟಿನ ವಯರ್‌ಲೆಸ್, ಮೊಬೈಲ್, ಜಿಪಿಎಸ್ ಎಲ್ಲ ನೀರಿನ ಮೇಲಷ್ಟೇ. ಕೆಳಗೆ ನಡೆಯುವುದು ಶಬ್ದ ಮಾತ್ರ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಫಿಶ್ ಫೈಂಡರ್ ಕೆಲಸ ಮಾಡುವುದೂ ಇದೇ ಗುಟ್ಟಿನಲ್ಲಿ: ಸದ್ದು ಕಳಿಸು, ಮರುದನಿ ಬರುವ ಹೊತ್ತು ಅಳೆ.

ಆಳದ ನೌಕೆಯೂ ತಾಯಿಹಡಗಿನ ಜೊತೆ ಶಬ್ದದ ಮೂಲಕವೇ ಪುಟ್ಟ ಪುಟ್ಟ ಸಂದೇಶ ಕಳಿಸುತ್ತದೆ. ಆದರೆ ಶಬ್ದ ನೇರ ಗೆರೆಯಲ್ಲಿ ಹೋಗುವುದಿಲ್ಲ. ಮೇಲಿನ ಬೆಚ್ಚಗಿನ ಪದರ, ಕೆಳಗಿನ ತಣ್ಣಗಿನ ಪದರ ಸೇರುವಲ್ಲಿ ಬಾಗುತ್ತದೆ. ಎರಡು ಜಾಗದ ನಡುವೆ ಏನೂ ಕೇಳದ ನೆರಳೂ ಉಂಟಾಗಬಹುದು. ಬ್ಯಾಟರಿ ಸತ್ತರೆ ನೌಕೆಯ ಸದ್ದೂ ಸತ್ತಂತೆ. ಹಾಗಾಗಿ ಸಂಪರ್ಕ ತಪ್ಪಿದ ಮಾತ್ರಕ್ಕೆ ನೌಕೆ ಒಡೆದಿದೆ ಅಂತಲೂ ಹೇಳಲಾಗದು, ಕ್ಷೇಮವಾಗಿದೆ ಅಂತಲೂ ಹೇಳಲಾಗದು. ಕಾಯುವವರಿಗೆ ಇದೇ ಹಿಂಸೆ.

ಟೈಟನ್‌ನಲ್ಲಿ 96 ಗಂಟೆ ಆಮ್ಲಜನಕ ಇತ್ತಲ್ಲ. ನಾಲ್ಕು ದಿನದಲ್ಲಿ ಒಂದು ಗಾಡಿ ಹುಡುಕಲಾಗಲಿಲ್ಲವಾ?

ಹುಡುಕಾಟ ಶುರುವಾಗುವ ಹೊತ್ತಿಗೇ ಒಳಗೆ ಯಾರೂ ಬದುಕಿರಲಿಲ್ಲ. 2023ರ ಜೂನ್ 18ರಂದು ಐದು ಜನರನ್ನು ಹೊತ್ತು ಇಳಿದ ಟೈಟನ್‌ನ ಸಂಪರ್ಕ ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಕಡಿದುಹೋಯಿತು. ಆ ಹೊತ್ತಿಗೇ ನೌಕೆ ಒಳಮುಖವಾಗಿ ಕುಸಿದು ಪುಡಿಯಾಗಿತ್ತು. ಅಷ್ಟು ಒತ್ತಡದಲ್ಲಿ ಕುಸಿತ ಮುಗಿಯಲು ಸೆಕೆಂಡಿನ ಸಣ್ಣದೊಂದು ಚೂರು ಸಾಕು. ಒಳಗಿದ್ದವರಿಗೆ ಏನಾಯಿತೆಂದು ತಿಳಿಯುವಷ್ಟು ಸಮಯವೂ ಇರುವುದಿಲ್ಲ. ಜೂನ್ 22ರಂದು ರೋಬೋಟ್ ನೌಕೆಯೊಂದು ಟೈಟಾನಿಕ್‌ನ ಮೂತಿಯಿಂದ ಸುಮಾರು 500 ಮೀಟರ್ ದೂರದಲ್ಲಿ ಚೂರುಗಳನ್ನು ಕಂಡಿತು.

ಆ 96 ಗಂಟೆ ಲೆಕ್ಕವೇ ಜನರ ದಾರಿ ತಪ್ಪಿಸಿತು ಅನ್ನುವುದು ನನ್ನ ಅಭಿಪ್ರಾಯ. ಗೋಡೆ ಗಟ್ಟಿ ಇದೆ, ಕೆಟ್ಟ ಗಾಳಿ ಹೀರುವ ಸ್ಕ್ರಬ್ಬರ್ ನಡೆಯುತ್ತಿದೆ, ಜನ ಮಿಸುಕಾಡದೆ ಕೂತಿದ್ದಾರೆ ಅಂದುಕೊಂಡಾಗ ಮಾತ್ರ ಆ ಸಂಖ್ಯೆಗೆ ಅರ್ಥ. ಆಳಗಡಲಿನ ನೌಕೆಗಳಲ್ಲಿ ಜನ ಕೂರುವ ಕೋಣೆಯನ್ನು ಸಾಮಾನ್ಯವಾಗಿ ಟೈಟಾನಿಯಂ ಅಥವಾ ಉಕ್ಕಿನ ಗೋಳವಾಗಿ ಮಾಡುತ್ತಾರೆ, ಏಕೆಂದರೆ ಗೋಳ ಒತ್ತಡವನ್ನು ಎಲ್ಲ ಕಡೆಗೂ ಸಮ ಹಂಚುತ್ತದೆ. ಟೈಟನ್‌ನದು ಕಾರ್ಬನ್ ಫೈಬರ್‌ನ ಕೊಳವೆ, ಎರಡು ತುದಿಗೆ ಟೈಟಾನಿಯಂ ಮುಚ್ಚಳ. ಅದಕ್ಕೆ ಯಾವ ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ. 2022ರ ಒಂದು ಯಾನದ ಕೊನೆಗೆ ದೊಡ್ಡ ಸದ್ದು ಕೇಳಿತ್ತು, ಆಮೇಲೆ ಗೋಡೆಯ ಸೆನ್ಸರ್‌ಗಳ ಅಳತೆಯೂ ಬದಲಾಗಿತ್ತು. ಆದರೂ ಮುಂದಿನ ವರ್ಷ ಅದನ್ನೇ ಇಳಿಸಿದರು. ಅಮೆರಿಕದ ಕೋಸ್ಟ್ ಗಾರ್ಡ್ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಈ ದುರಂತವನ್ನು ತಪ್ಪಿಸಬಹುದಿತ್ತು ಅಂತ ನೇರವಾಗಿಯೇ ಹೇಳಿದೆ.

ಹುಡುಕುವಾಗ ಬಡಿಯುವ ಸದ್ದು ಕೇಳಿತ್ತಂತಲ್ಲ?

ಕೇಳಿತ್ತು. ಆದರೆ ಅದು ಟೈಟನ್‌ನದ್ದಲ್ಲ. ಕೆನಡಾದ ಗಸ್ತು ವಿಮಾನ ಎಸೆದ ಸೋನೊಬಾಯ್‌ಗಳು ಹಿಡಿದ ಸದ್ದು ಅದು. ಸೋನೊಬಾಯ್ ಅಂದರೆ ವಿಮಾನದಿಂದ ನೀರಿಗೆ ಬೀಳಿಸುವ ಕೊಳವೆ. ಕೆಳಗೆ ಕಿವಿ ಇಳಿಬಿಟ್ಟು ಕೇಳಿಸಿಕೊಂಡದ್ದನ್ನು ಮೇಲೆ ರೇಡಿಯೋದಲ್ಲಿ ಹೇಳುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ಟುಪೊಲೆವ್ 142 ವಿಮಾನ ಇದೇ ಕೆಲಸಕ್ಕೆ ಇದ್ದದ್ದು. ಫೋಟೋ ತೆಗೆಸಿಕೊಂಡು ಬರುವವರೇ ಹೆಚ್ಚು, ಅದು ಸಬ್‌ಮರೀನ್ ಬೇಟೆಯ ವಿಮಾನ ಅಂತ ಗಮನಿಸುವವರು ಕಡಿಮೆ.

ಕಡಲು ಗದ್ದಲದ ಜಾಗ. ಹಡಗಿನ ಎಂಜಿನ್, ತಿಮಿಂಗಿಲ, ಹುಡುಕಲು ಬಂದ ಹಡಗುಗಳ ಸಪ್ಪಳ ಎಲ್ಲ ಬೆರೆತಿರುತ್ತದೆ. ಅಮೆರಿಕದ ನೌಕಾಪಡೆಯ ಉಪಕರಣಗಳು ಮೊದಲ ದಿನವೇ ಕುಸಿತದಂಥ ಸದ್ದೊಂದನ್ನು ಹಿಡಿದಿದ್ದವು. ಖಚಿತ ಅಲ್ಲದ ಕಾರಣ ಹುಡುಕಾಟ ನಿಲ್ಲಿಸಲಿಲ್ಲ. ಅದು ಸರಿಯಾದ ನಿರ್ಧಾರ. ಒಂದು ಸದ್ದನ್ನು ನಂಬಿ ಐದು ಜೀವ ಕೈಬಿಡುವ ಹಾಗಿಲ್ಲ.

ಆಮ್ಲಜನಕ ಇದ್ದಷ್ಟು ಹೊತ್ತು ಬದುಕಬಹುದಲ್ವಾ?

ಆಮ್ಲಜನಕಕ್ಕಿಂತ ಮೊದಲು ಕೊಲ್ಲುವುದು ನಾವೇ ಬಿಡುವ ಇಂಗಾಲದ ಡೈಆಕ್ಸೈಡ್. ಅದನ್ನು ಹೀರಲು ರಾಸಾಯನಿಕ ತುಂಬಿದ ಸ್ಕ್ರಬ್ಬರ್ ಇರುತ್ತದೆ. ಚಳಿ ಹೆಚ್ಚಿದರೆ ಆ ರಾಸಾಯನಿಕ ಮಂದವಾಗುತ್ತದೆ.

1973ರ ಜೂನ್‌ನಲ್ಲಿ ಫ್ಲೋರಿಡಾದ ಕೀ ವೆಸ್ಟ್ ಹತ್ತಿರ ಜಾನ್ಸನ್ ಸೀ ಲಿಂಕ್ ಎಂಬ ನೌಕೆ ಮುಳುಗಿಸಿಟ್ಟ ಹಳೆಯ ಯುದ್ಧನೌಕೆಯೊಂದಕ್ಕೆ ಸಿಕ್ಕಿಕೊಂಡಿತು. ಆಳ 110 ಮೀಟರ್ ಅಷ್ಟೇ. ನಾಲ್ವರಲ್ಲಿ ಮುಂದಿನ ಅಕ್ರಿಲಿಕ್ ಗೋಳದಲ್ಲಿದ್ದ ಇಬ್ಬರು ಉಳಿದರು, ಹಿಂದಿನ ಅಲ್ಯೂಮಿನಿಯಂ ಕೋಣೆಯಲ್ಲಿದ್ದ ಇಬ್ಬರು ಸತ್ತರು. ಅಲ್ಯೂಮಿನಿಯಂ ಬೇಗ ತಣ್ಣಗಾಗಿ ಸ್ಕ್ರಬ್ಬರ್ ಸೋತಿತ್ತು. ಒಂದೇ ನೌಕೆ, ಒಂದೇ ಆಳ, ನಡುವೆ ಒಂದು ಗೋಡೆ.

ಡೈವರ್‌ಗಳನ್ನು ಇಳಿಸಿದರೆ ಆಗಲ್ವಾ?

ನೇತ್ರಾಣಿ ದ್ವೀಪದಲ್ಲಿ ಪ್ರವಾಸಿಗರು ಮಾಡುವಂಥ ಸ್ಕೂಬಾಕ್ಕೆ 40 ಮೀಟರ್ ಎಲ್ಲೆ. ತೈಲಬಾವಿಗಳಲ್ಲಿ ಕೆಲಸ ಮಾಡುವ ಸ್ಯಾಚುರೇಶನ್ ಡೈವರ್‌ಗಳು ಒತ್ತಡದ ಕೋಣೆಯಲ್ಲೇ ದಿನಗಟ್ಟಲೆ ಬದುಕಿ 300 ಮೀಟರ್ ಆಸುಪಾಸಿನವರೆಗೂ ಹೋಗುತ್ತಾರೆ. ಆಮೇಲೆ ಒತ್ತಡ ಇಳಿಸಿಕೊಂಡು ಹೊರಬರಲು ಅವರಿಗೆ ಮತ್ತೆ ದಿನಗಳೇ ಬೇಕು. ಅದಕ್ಕಿಂತ ಕೆಳಗೆ ರೋಬೋಟ್‌ಗಳದ್ದೇ ಕೆಲಸ.

ಅಷ್ಟು ಆಳದಿಂದ ಇಲ್ಲಿವರೆಗೆ ಯಾರಾದರೂ ಬದುಕಿ ಬಂದದ್ದುಂಟಾ?

ಉಂಟು. ಹೀಗೆ ಜೀವಂತ ಮೇಲೆತ್ತಿದ ಅತಿ ಆಳದ ದಾಖಲೆ 480 ಮೀಟರ್. ಐವತ್ತು ವರ್ಷ ಕಳೆದರೂ ಅದನ್ನು ಯಾರೂ ಮುರಿದಿಲ್ಲ.

1973ರ ಆಗಸ್ಟ್ 29. ಐರ್ಲೆಂಡ್‌ನ ನೈಋತ್ಯಕ್ಕೆ ಪೈಸಿಸ್ 3 ಎಂಬ ನೌಕೆ ಅಟ್ಲಾಂಟಿಕ್ ಅಡಿಯಲ್ಲಿ ಟೆಲಿಫೋನ್ ಕೇಬಲ್ ಹೂಳುವ ಕೆಲಸ ಮಾಡುತ್ತಿತ್ತು. ಒಳಗಿದ್ದವರು ರೋಜರ್ ಚಾಪ್‌ಮನ್ ಮತ್ತು ರೋಜರ್ ಮಲ್ಲಿನ್‌ಸನ್. ಕೆಲಸ ಮುಗಿಸಿ ಮೇಲೆ ಬಂದೂ ಆಗಿತ್ತು. ತಾಯಿಹಡಗಿಗೆ ಎಳೆದುಕೊಳ್ಳುವಾಗ ಹಗ್ಗ ಸಿಕ್ಕಿಕೊಂಡು ಹಿಂಭಾಗದ ಯಂತ್ರಗೋಳದ ಮುಚ್ಚಳವನ್ನೇ ಕಿತ್ತಿತು. ನೀರು ನುಗ್ಗಿ ನೌಕೆ ಬಾಲ ಕೆಳಗಾಗಿ ತಳಕ್ಕೆ ಹೋಗಿ ಕೂತಿತು. ಇಳಿಯುವಾಗಲೂ ಹತ್ತುವಾಗಲೂ ಏನೂ ಆಗದೆ, ಮೇಲೆ ಬಂದ ಮೇಲೆ ಆದ ಅಪಘಾತ ಇದು. ಅಳಿವೆ ಬಾಯಲ್ಲಿ ಬೋಟ್ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಬ್ಬರೂ ಮಾತು ನಿಲ್ಲಿಸಿ ಮಲಗಿಬಿಟ್ಟರು. ಮಾತಾಡಿದರೆ ಉಸಿರು ಖರ್ಚು. ಆಮ್ಲಜನಕ ಉಳಿಸಲು ಕೆಟ್ಟ ಗಾಳಿಯನ್ನು ಎಂದಿಗಿಂತ ಹೆಚ್ಚು ಹೊತ್ತು ಸಹಿಸಿದರು. ತಿನ್ನಲು ಒಂದು ಸ್ಯಾಂಡ್‌ವಿಚ್, ಕುಡಿಯಲು ಒಂದು ಡಬ್ಬಿ ಲೆಮನೇಡ್. ಮೇಲೆ ಪೈಸಿಸ್ 2 ಮತ್ತು 5 ಬಂದವು, ಅಮೆರಿಕದಿಂದ ಕರ್ವ್ 3 ಎಂಬ ರೋಬೋಟ್ ಬಂತು. ಒಂದರ ಹಗ್ಗ ಕೈಕೊಟ್ಟಿತು, ಇನ್ನೊಂದಕ್ಕೆ ನೌಕೆ ಕಾಣಲೇ ಇಲ್ಲ. ಕೊನೆಗೆ ಹಗ್ಗಗಳನ್ನು ಸಿಕ್ಕಿಸಿ ಸೆಪ್ಟೆಂಬರ್ 1ರ ಮಧ್ಯಾಹ್ನ ಮೇಲೆತ್ತಿದರು. 76 ಗಂಟೆ ಕಳೆದಿತ್ತು. ಉಳಿದಿದ್ದದ್ದು ಹನ್ನೆರಡು ನಿಮಿಷದ ಆಮ್ಲಜನಕ.

ಅವರು ಬದುಕಿದ್ದಕ್ಕೆ ಕಾರಣ ಹುಡುಕಿದರೆ ಧೈರ್ಯಕ್ಕಿಂತ ಮೊದಲು ಸಿಗುವುದು ಇವು: ಗೋಳ ಒಡೆಯಲಿಲ್ಲ, ಕೆಳಗಿನಿಂದ ಮಾತು ಕಡಿಯಲಿಲ್ಲ, ಎಲ್ಲಿ ಬಿದ್ದಿದೆ ಅಂತ ಹೆಚ್ಚುಕಡಿಮೆ ಗೊತ್ತಿತ್ತು, ಅಂಥದ್ದೇ ಇನ್ನೆರಡು ನೌಕೆ ಕೈಗೆ ಸಿಗುವಷ್ಟು ಹತ್ತಿರ ಇದ್ದವು. ಕೊನೆಯದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಟೈಟನ್ ಒಡೆಯದೆ ತಳದಲ್ಲಿ ಕೂತಿದ್ದರೂ ಅದನ್ನು ಎತ್ತಬಲ್ಲ ಸಲಕರಣೆ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು.

ನೌಕೆ ಬಲೆಗೆ ಸಿಕ್ಕಿಬಿದ್ದರೆ?

ಗೋಡೆ ಒಡೆಯುವುದಕ್ಕಿಂತ ಇದು ಹತ್ತಿರದ ಅಪಾಯ. 2005ರ ಆಗಸ್ಟ್ 4ರಂದು ರಷ್ಯಾದ ಕಮ್ಚಾಟ್ಕಾ ಕರಾವಳಿಯಲ್ಲಿ ಎಎಸ್-28 ಎಂಬ ಪುಟ್ಟ ನೌಕೆ ಏಳು ಜನರೊಂದಿಗೆ 190 ಮೀಟರ್ ಆಳದಲ್ಲಿ ಮೀನುಬಲೆ ಮತ್ತು ಕೇಬಲ್‌ಗಳಿಗೆ ಸುತ್ತಿಕೊಂಡಿತು. ತಮಾಷೆ ಅಂದರೆ ಅದು ಬೇರೆಯವರನ್ನು ಕಾಪಾಡಲೆಂದೇ ಮಾಡಿದ್ದ ರಕ್ಷಣಾ ನೌಕೆ. 2000ರಲ್ಲಿ ತನ್ನ ಕುರ್ಸ್ಕ್ ಸಬ್‌ಮರೀನ್ ದುರಂತದಲ್ಲಿ ಹೊರಗಿನ ನೆರವು ಕೇಳಲು ತಡಮಾಡಿದ್ದ ರಷ್ಯಾ ಈ ಸಲ ಬೇಗ ಕೇಳಿತು. ಬ್ರಿಟನ್ನಿನ ತಂಡ ಸ್ಕಾರ್ಪಿಯೊ 45 ರೋಬೋಟನ್ನು ವಿಮಾನದಲ್ಲಿ ತಂದು ಬಲೆ ಕತ್ತರಿಸಿತು. ಆಗಸ್ಟ್ 7ರಂದು ಏಳೂ ಜನ ಜೀವಂತ ಮೇಲೆ ಬಂದರು.

ಇನ್ನು ಉಲ್ಟಾ ಕಥೆ: 1990ರಲ್ಲಿ ಸ್ಕಾಟ್ಲೆಂಡ್ ಹತ್ತಿರ ಆಂಟಾರಿಸ್ ಎಂಬ ಟ್ರಾಲ್ ಬೋಟಿನ ಬಲೆಗೆ ಬ್ರಿಟಿಷ್ ಸಬ್‌ಮರೀನ್ ಸಿಕ್ಕಿ ಬೋಟನ್ನೇ ಕೆಳಗೆಳೆದು ನಾಲ್ವರು ಸತ್ತರು. ನಮ್ಮ ಪಕ್ಕದಲ್ಲೂ 2024ರ ನವೆಂಬರ್ 21ರಂದು ಗೋವಾದಿಂದ ಸುಮಾರು 70 ನಾಟಿಕಲ್ ಮೈಲಿ ಆಚೆ ಮಾರ್ತೋಮಾ ಎಂಬ ಮೀನುಗಾರಿಕಾ ಬೋಟ್ ಮತ್ತು ನೌಕಾಪಡೆಯ ಸಬ್‌ಮರೀನ್ ನಡುವೆ ಡಿಕ್ಕಿಯಾಯಿತು. 13 ಜನರಲ್ಲಿ 11 ಮಂದಿಯನ್ನು ಉಳಿಸಿದರು.

ನಮ್ಮ ನೌಕಾಪಡೆ ಹತ್ತಿರ ರಕ್ಷಣಾ ಸಬ್‌ಮರೀನ್ ಇದೆಯಂತಲ್ಲ. ಕಾರವಾರದಲ್ಲೇ ಇದೆಯಾ?

ಇದೆ, ಆದರೆ ಕಾರವಾರದಲ್ಲಲ್ಲ. ಡಿಎಸ್‌ಆರ್‌ವಿ ಎಂದು ಕರೆಯುವ ಎರಡು ವ್ಯವಸ್ಥೆಗಳಿವೆ: ಮುಂಬೈಯಲ್ಲೊಂದು, ವಿಶಾಖಪಟ್ಟಣದಲ್ಲೊಂದು. ಮುಂಬೈಯದು 2018ರ ಡಿಸೆಂಬರ್‌ನಲ್ಲಿ ಸೇವೆಗೆ ಸೇರಿತು. 650 ಮೀಟರ್‌ವರೆಗೆ ಇಳಿದು ಒಂದು ಸಲಕ್ಕೆ 14 ಜನರನ್ನು ತರಬಲ್ಲದು. ಡಿಎಸ್‌ಆರ್‌ವಿಗೆ ತಾಯಿಹಡಗೂ ಆಗಬಲ್ಲ ನಿಸ್ತಾರ್ ಹಡಗು 2025ರ ಜುಲೈನಲ್ಲಿ ನೌಕಾಪಡೆಗೆ ಸೇರಿದೆ. 2021ರಲ್ಲಿ ಇಂಡೋನೇಷ್ಯಾದ ನಂಗಲಾ ಸಬ್‌ಮರೀನ್ 53 ಜನರೊಂದಿಗೆ ಬಾಲಿ ಹತ್ತಿರ ಕಾಣೆಯಾದಾಗ ಭಾರತ ವಿಶಾಖಪಟ್ಟಣದಿಂದ ಡಿಎಸ್‌ಆರ್‌ವಿ ಕಳಿಸಿತ್ತು. ನಂಗಲಾ ಸಿಕ್ಕಿದ್ದು 838 ಮೀಟರ್‌ನಲ್ಲಿ, ಮುರಿದ ಸ್ಥಿತಿಯಲ್ಲಿ.

ಡಿಎಸ್‌ಆರ್‌ವಿ ಹೋಗಿ ಸಬ್‌ಮರೀನ್ ಬಾಗಿಲಿನ ಸುತ್ತ ಇರುವ ಸಪಾಟಾದ ಉಂಗುರದ ಮೇಲೆ ಕೂರಬೇಕು, ನಡುವಿನ ನೀರು ತೆಗೆದು ಬಾಗಿಲು ತೆರೆಯಬೇಕು. ಸಬ್‌ಮರೀನ್ ತೀರಾ ವಾಲಿದ್ದರೆ ಅಥವಾ ಉಂಗುರ ಹಾಳಾಗಿದ್ದರೆ ಕಷ್ಟ. 2000ರ ಆಗಸ್ಟ್‌ನಲ್ಲಿ ಕುರ್ಸ್ಕ್ ಬಿದ್ದದ್ದು 108 ಮೀಟರ್‌ನಲ್ಲಿ ಮಾತ್ರ. 118 ಜನರಲ್ಲಿ 23 ಮಂದಿ ಸ್ಫೋಟದ ನಂತರವೂ ಹಿಂದಿನ ಕೋಣೆಯಲ್ಲಿ ಬದುಕಿದ್ದರು. ರಷ್ಯಾದ ರಕ್ಷಣಾ ನೌಕೆಗಳು ಮತ್ತೆ ಮತ್ತೆ ಯತ್ನಿಸಿದರೂ ಬಾಗಿಲಿಗೆ ಕೂರಲಾಗಲಿಲ್ಲ. ನಾರ್ವೆಯ ಡೈವರ್‌ಗಳು ಬಂದು ತೆರೆಯುವಾಗ ಒಂಬತ್ತು ದಿನ ಕಳೆದಿತ್ತು, ಒಬ್ಬರೂ ಉಳಿದಿರಲಿಲ್ಲ.

ಪುಟ್ಟ ಸಬ್‌ಮರ್ಸಿಬಲ್‌ಗಳಿಗಂತೂ ಇಂಥ ಉಂಗುರವೇ ಇರುವುದಿಲ್ಲ. ಟೈಟನ್‌ಗೆ ಹೊರಗಿನಿಂದ ಬೋಲ್ಟ್ ಬಿಗಿಯುತ್ತಿದ್ದರು. ಹಾಗಾಗಿ ಅದರೊಳಗಿನ ಜನರನ್ನು ನೀರಿನಡಿಯಲ್ಲಿ ಬೇರೆ ನೌಕೆಗೆ ದಾಟಿಸುವ ಪ್ರಶ್ನೆಯೇ ಇಲ್ಲ, ಇಡೀ ನೌಕೆಯನ್ನೇ ಎತ್ತಬೇಕು.

ಮುಳುಗಿದ ಸುವರ್ಣ ತ್ರಿಭುಜ ಬೋಟ್ ಇದ್ದದ್ದು 60 ಮೀಟರ್‌ನಲ್ಲಿ. ಅದಕ್ಕೇ ಯಾಕೆ ನಾಲ್ಕೈದು ತಿಂಗಳು ಹಿಡಿಯಿತು?

ಈ ಪ್ರಶ್ನೆ ಕುಮಟಾ, ಹೊನ್ನಾವರ, ಭಟ್ಕಳದ ಕಡೆಯಿಂದ ಬಂದಾಗ ತಾಂತ್ರಿಕ ಉತ್ತರ ಕೊಡಲು ಮನಸ್ಸು ಹಿಂಜರಿಯುತ್ತದೆ. ಮಲ್ಪೆಯಿಂದ ಹೋದ ಆ ಬೋಟಿನ ಏಳು ಜನರಲ್ಲಿ ಐವರು ನಮ್ಮ ಉತ್ತರ ಕನ್ನಡ ಜಿಲ್ಲೆಯವರು. 2018ರ ಡಿಸೆಂಬರ್ ಮಧ್ಯದಲ್ಲಿ ಸಂಪರ್ಕ ಕಡಿಯಿತು. ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣ್ ಆಚೆ, ದಡದಿಂದ ಸುಮಾರು 33 ಕಿ.ಮೀ. ದೂರದಲ್ಲಿ ಅವಶೇಷ ಕಂಡದ್ದು 2019ರ ಮೇ ತಿಂಗಳಲ್ಲಿ.

ಆಳ ಕಡಿಮೆ ಇದ್ದರೂ ಹುಡುಕುವ ಹರವು ದೊಡ್ಡದು. ಫಿಶ್ ಫೈಂಡರ್ ಬೋಟಿನ ಕೆಳಗಿನ ಸಣ್ಣ ಜಾಗವನ್ನಷ್ಟೇ ನೋಡುತ್ತದೆ. ಎರಡೂ ಬದಿಯ ತಳವನ್ನು ಶಬ್ದದಿಂದ ನೋಡುವ ಸೈಡ್ ಸ್ಕ್ಯಾನ್ ಸೋನಾರನ್ನು ಹಡಗಿನ ಹಿಂದೆ ಎಳೆದುಕೊಂಡು ಸಾಲು ಬಿಡದೆ ಹೋಗಬೇಕು, ಬಂದು ಮತ್ತೆ ಪಕ್ಕದ ಸಾಲು ಹಿಡಿಯಬೇಕು. ಅಗಲ ನೋಡಿದರೆ ಸಣ್ಣದು ಕಾಣದು, ಸಣ್ಣದು ನೋಡಲು ಹೊರಟರೆ ದಿನಗಳು ಸಾಲವು. ಕೊನೆಯ ಜಾಗ ಸರಿಯಾಗಿ ಗೊತ್ತಿಲ್ಲದಿದ್ದರೆ ಗೆರೆಗಳು ಲೆಕ್ಕಕ್ಕೆ ಸಿಗದಷ್ಟಾಗುತ್ತವೆ. ಅರ್ಜೆಂಟೀನಾದ ಸ್ಯಾನ್ ಹುವಾನ್ ಸಬ್‌ಮರೀನ್ 44 ಜನರೊಂದಿಗೆ 2017ರ ನವೆಂಬರ್‌ನಲ್ಲಿ ಕಾಣೆಯಾಗಿ, ಹಲವು ದೇಶ ಹುಡುಕಿದರೂ ಸಿಕ್ಕಿದ್ದು ಸರಿಯಾಗಿ ಒಂದು ವರ್ಷಕ್ಕೆ, 907 ಮೀಟರ್‌ನಲ್ಲಿ.

ಜಾಗ ಗೊತ್ತಿದ್ದರೂ ನೀರು ಬಿಡುವುದಿಲ್ಲ ಅನ್ನುವುದಕ್ಕೆ ಅಂಕೋಲಾ ಬಳಿಯ ಶಿರೂರು ಇದೆ. 2024ರ ಜುಲೈ 16ರ ಗುಡ್ಡ ಕುಸಿತದಲ್ಲಿ ಗಂಗಾವಳಿ ನದಿಗೆ ಬಿದ್ದ ಲಾರಿ ಹೆದ್ದಾರಿಯ ಪಕ್ಕದಲ್ಲೇ ನೀರಿನಡಿ ಇತ್ತು. ಮಳೆಗಾಲದ ಸೆಳೆತ, ರಾಡಿ, ಮೇಲೆ ಬಿದ್ದ ಮಣ್ಣು. ಡೈವರ್‌ಗಳು ಇಳಿದರೂ ನಿಲ್ಲಲಾಗಲಿಲ್ಲ. ಗೋವಾದಿಂದ ಡ್ರೆಜ್ಜರ್ ತರಿಸಿ ಲಾರಿ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ.

ಮತ್ಸ್ಯ 6000ಕ್ಕೂ ಟೈಟನ್ ಗತಿ ಬಂದರೆ?

ಕಟ್ಟುವ ಕ್ರಮವೇ ಬೇರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ ಇದರಲ್ಲಿ ಮೂವರು ಕೂರುವುದು 2.1 ಮೀಟರ್ ವ್ಯಾಸದ ಟೈಟಾನಿಯಂ ಮಿಶ್ರಲೋಹದ ಗೋಳದೊಳಗೆ. ಗೋಡೆಯ ದಪ್ಪ 80 ಮಿಲಿಮೀಟರ್. ಕೆಲಸಕ್ಕೆ 12 ಗಂಟೆ, ತುರ್ತಿಗೆ 96 ಗಂಟೆ. 2025ರ ಆರಂಭದಲ್ಲಿ ಚೆನ್ನೈ ಹತ್ತಿರದ ಕಾಟುಪಳ್ಳಿ ಬಂದರಿನಲ್ಲಿ ನೀರಿನ ಪರೀಕ್ಷೆ ನಡೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಇಬ್ಬರು ಭಾರತೀಯರು ಫ್ರಾನ್ಸಿನ ನಾಟಿಲ್ ನೌಕೆಯಲ್ಲಿ ಅಟ್ಲಾಂಟಿಕ್‌ಗೆ ಇಳಿದು ಬಂದರು. ಒಂದು ಯಾನ 5,002 ಮೀಟರ್ ಮುಟ್ಟಿತು.

ಆದರೂ 6,000 ಮೀಟರ್‌ನಲ್ಲಿ ಹೊರಗಿನ ರಕ್ಷಣೆಯನ್ನು ನಂಬಿ ಯಾರೂ ಇಳಿಯುವುದಿಲ್ಲ. ನೌಕೆ ತಾನಾಗಿಯೇ ಮೇಲೆ ಬರುವಂತಿರಬೇಕು. ಇಂಥ ನೌಕೆಗಳು ಭಾರದ ಗಟ್ಟಿಗಳನ್ನು ಕಟ್ಟಿಕೊಂಡು ಇಳಿಯುತ್ತವೆ, ಭಾರ ಕಳಚಿದರೆ ತೇಲುತ್ತವೆ. ಕರೆಂಟ್ ಹೋದರೆ ಹಿಡಿತ ತಾನೇ ಬಿಟ್ಟು ಭಾರ ಬೀಳುವ ಹಾಗೆ ಮಾಡುವುದೂ ಉಂಟು. ನಾನು ಕೇಳುವ ಪ್ರಶ್ನೆ ಒಂದೇ: ಅಷ್ಟೇ ಆಳಕ್ಕೆ ಇಳಿದು ಬಲೆ ಕತ್ತರಿಸಿ ಹಗ್ಗ ಕಟ್ಟಬಲ್ಲ ರೋಬೋಟ್ ಅದೇ ಹಡಗಿನಲ್ಲಿ, ಅದೇ ದಿನ ಸಿದ್ಧವಾಗಿ ಇರುತ್ತದೆಯಾ? ಇಲ್ಲದಿದ್ದರೆ ಇಳಿಯುವುದನ್ನೇ ಮುಂದೂಡಬೇಕು.

ರೋಬೋಟೇ ಇಷ್ಟೆಲ್ಲ ಮಾಡುವಾಗ ಮನುಷ್ಯ ಯಾಕೆ ಇಳಿಯಬೇಕು?

ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ ಲೋಹದ ಗಂಟುಗಳ ಶೋಧಕ್ಕೆ ಭಾರತಕ್ಕೆ 75,000 ಚದರ ಕಿ.ಮೀ. ಜಾಗ ಸಿಕ್ಕಿದೆ. ಆ ಕೆಲಸದ ಬಹುಪಾಲು ರೋಬೋಟ್‌ನಿಂದಲೇ ಆಗುತ್ತದೆ. ಸ್ವತಃ ಕಣ್ಣಿಂದ ನೋಡುವ ವಿಜ್ಞಾನಿ ಕ್ಯಾಮೆರಾ ತಿರುಗದ ಕಡೆಗೂ ನೋಡುತ್ತಾನೆ ಅನ್ನುವುದು ಇಳಿಯುವವರ ವಾದ, ಅದರಲ್ಲಿ ಹುರುಳಿದೆ. ಪ್ರವಾಸಕ್ಕೆಂದು ಇಳಿಯುವುದು ಬೇರೆ ಮಾತು. ಅದಕ್ಕೆ ನನ್ನ ಸಮ್ಮತಿ ಇಲ್ಲ.

ಕಾರವಾರದಲ್ಲಿ ಇಂಥದ್ದನ್ನು ಇಳಿಸುತ್ತಾರಾ?

ಇಳಿಸಲು ಆಳವೇ ಇಲ್ಲ. ನಮ್ಮ ದಡದಿಂದ ಹತ್ತಾರು ಕಿ.ಮೀ. ಹೋದರೂ ನೂರು ಮೀಟರ್ ಸಿಗುವುದಿಲ್ಲ. ನೌಕಾನೆಲೆಯೊಳಗೆ ಏನಿದೆ ಅಂತ ಮಾತ್ರ ನನ್ನನ್ನು ಕೇಳಬೇಡಿ ಮಾರಾಯ್ರೆ.

ನಮ್ಮ ಬೋಟ್‌ಗೆ ತೊಂದರೆಯಾದರೆ ಎಂತ ಮಾಡುವುದು?

ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ವಿಎಚ್‌ಎಫ್ ವಯರ್‌ಲೆಸ್‌ನ 16ನೇ ಚಾನೆಲ್. ಬೋಟಿನ ಹೆಸರಿಗಿಂತ ಮೊದಲು ಜಿಪಿಎಸ್ ಅಂಕಿ ಹೇಳಿ. ಮಾತು ಅಲ್ಲಿಗೇ ಕಡಿದರೂ ಹುಡುಕುವವರಿಗೆ ಜಾಗ ಸಿಕ್ಕಿರುತ್ತದೆ. ಡ್ಯಾಟ್ ಎಂಬ ಉಪಗ್ರಹ ಸಾಧನ ಇದ್ದರೆ ಬಟನ್ ಒತ್ತಿದೊಡನೆ ನೀವಿರುವ ಜಾಗ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಹೊಸ ಮಾದರಿಯಲ್ಲಿ ಸಂದೇಶ ತಲುಪಿದ ಉತ್ತರವೂ ವಾಪಸ್ ಬರುತ್ತದೆ. ಅದನ್ನು ಕ್ಯಾಬಿನ್ನಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬೇಡಿ. ಬೋಟ್ ನಡೆಸುವ ತಾಂಡೇಲನಿಗೆ ಮಾತ್ರವಲ್ಲ, ಹೊಸದಾಗಿ ಬೋಟ್ ಹತ್ತಿದ ಕಲಾಸಿಗೂ ಅದು ಎಲ್ಲಿದೆ, ಹೇಗೆ ಒತ್ತುವುದು ಅಂತ ದಡದಲ್ಲೇ ತೋರಿಸಿ.